ಮನೆ ನಾಯಿಗೆ ಡಯಾಪರ್: ಆಯ್ಕೆ ಮತ್ತು ಬಳಕೆ

ಹತ್ತು ಹನ್ನೆರಡು ವರ್ಷ ಹೊಲ, ಕಣ, ಕುರಿಹಟ್ಟಿಗಳನ್ನು ಕಾಯ್ದ ನಾಯಿ ಒಂದು ದಿನ ಬೆಳಗಿನ ಜಾವ ತಾನು ಮಲಗಿದ ಗೋಣಿಚೀಲವನ್ನೇ ಒದ್ದೆ ಮಾಡಿಕೊಂಡಿರುತ್ತದೆ. ಮರುದಿನವೂ ಹಾಗೆಯೇ ಆಗುತ್ತದೆ. ಮನೆಯವರು ಮೊದಲು ಗದರಿಸುತ್ತಾರೆ, ಆಮೇಲೆ ಹೊಡೆಯುತ್ತಾರೆ, ಕೊನೆಗೆ ಪಡಸಾಲೆಯಿಂದ ಹಿತ್ತಿಲಿಗೆ ಅಟ್ಟುತ್ತಾರೆ. ಅಲ್ಲಿಯೂ ವಾಸನೆ ಹೆಚ್ಚಾದರೆ ಸಂತೆಗೆ ಹೋಗುವ ಗಾಡಿಯಲ್ಲಿ ಕೂರಿಸಿ ದೂರದ ಊರಿನಲ್ಲಿ ಬಿಟ್ಟು ಬರುವವರೂ ಉಂಟು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ತೊರೆದು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆದರೆ ಕಾಯಿದೆಯ ಮಾತು ಒತ್ತಟ್ಟಿಗಿರಲಿ. ಇಂಥ ನಾಯಿಗಳಲ್ಲಿ ಅನೇಕವು ಗುಣವಾಗುವ ಕಾಯಿಲೆಯವು. ಗುಣವಾಗದವುಗಳನ್ನೂ ಒಂದು ತುಂಡು ಬಟ್ಟೆಯ ಸಹಾಯದಿಂದ ಮನೆಯಲ್ಲಿಯೇ ಇಟ್ಟುಕೊಳ್ಳಲು ಸಾಧ್ಯ.

ಆ ಬಟ್ಟೆಯೇ ಡಯಾಪರ್. ಮಕ್ಕಳಿಗೆ ಕಟ್ಟುವ ಲಂಗೋಟಿಯಂತೆ ನಾಯಿಗೂ ತೊಡಿಸುವ ಹೀರುಬಟ್ಟೆ. ಪಟ್ಟಣದ ಅಂಗಡಿಗಳಲ್ಲಿ ಇದು ಸಿದ್ಧರೂಪದಲ್ಲಿ ದೊರೆಯುವುದರಿಂದ ಪೇಟೆಯವರ ಶೋಕಿ ಎಂದು ಹಳ್ಳಿಗಳಲ್ಲಿ ನಗುವುದು ಸಹಜ. ಹಾಗೇನೂ ಇಲ್ಲ. ಹಳೆಯ ಪಂಚೆಯಿಂದ ಮನೆಯಲ್ಲಿ ಹೊಲಿದುಕೊಂಡ ಲಂಗೋಟಿಯೂ ಬಹುಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ಆದರೆ ಡಯಾಪರ್ ಔಷಧವಲ್ಲ. ಅದು ಒದ್ದೆಯನ್ನು ಹೀರುತ್ತದೆಯೇ ಹೊರತು ಒದ್ದೆಯ ಕಾರಣವನ್ನು ತೆಗೆಯುವುದಿಲ್ಲ. ಅಜಾಗರೂಕತೆಯಿಂದ ಬಳಸಿದರೆ ಕಾರಣವನ್ನು ಮುಚ್ಚಿಡುತ್ತದೆ ಕೂಡ. ಆದುದರಿಂದ ಬಟ್ಟೆ ಹುಡುಕುವ ಮೊದಲು ನಾಯಿಯನ್ನು ಪಶುವೈದ್ಯರಿಗೆ ತೋರಿಸತಕ್ಕದ್ದು.

ಒದ್ದೆಗೆ ಕಾರಣಗಳು

ಮುಪ್ಪಿನಲ್ಲಿ ಮೂತ್ರದ ಹಿಡಿತ ಸಡಿಲವಾಗುವುದು ನಿಜ. ಆದರೂ ವಯಸ್ಸಾದ ನಾಯಿಯ ಎಲ್ಲ ಒದ್ದೆಯನ್ನೂ ಮುಪ್ಪಿನ ಲೆಕ್ಕಕ್ಕೆ ಬರೆಯಬಾರದು. ಮೂತ್ರಕೋಶದ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇವುಗಳಲ್ಲಿಯೂ ನಾಯಿ ಕಂಡಕಂಡಲ್ಲಿ ಮೂತ್ರ ಮಾಡುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣು ನಾಯಿಗಳಲ್ಲಿ, ಅದರಲ್ಲೂ ಮೈಕಟ್ಟು ದೊಡ್ಡದಿರುವವುಗಳಲ್ಲಿ, ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ನಿದ್ರೆಯಲ್ಲಿ ಮೂತ್ರ ಸೋರತೊಡಗುತ್ತದೆ. ಎಚ್ಚರವಾಗಿದ್ದಾಗ ಅವು ಸರಿಯಾಗಿಯೇ ಇರುತ್ತವೆ. ಇದಕ್ಕೆ ಮಾತ್ರೆಗಳಿವೆ, ಹೆಚ್ಚಿನ ನಾಯಿಗಳಲ್ಲಿ ಸೋರಿಕೆ ಹತೋಟಿಗೆ ಬರುತ್ತದೆ.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ. ತುರಿಕೆಗೆಂದು ಸ್ಟೀರಾಯ್ಡ್ ಚುಚ್ಚುಮದ್ದು ಅಥವಾ ಮಾತ್ರೆ ಕೊಟ್ಟ ನಾಯಿ ವಿಪರೀತ ನೀರು ಕುಡಿದು ವಿಪರೀತ ಮೂತ್ರ ಮಾಡುತ್ತದೆ. ಈ ಹಿಂದೆ ಯಾವ ಔಷಧ ಕೊಡಿಸಲಾಗಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು.

ನಾಯಿ ಕುಡಿಯುವ ನೀರನ್ನು ಹಾಲಿನ ಅಳತೆಯ ಪಾತ್ರೆಯಿಂದ ಒಂದು ದಿನ ಅಳೆದು ನೋಡುವುದು ಸುಲಭದ ಪರೀಕ್ಷೆ. 20 ಕಿಲೋ ತೂಕದ ನಾಯಿ ದಿನಕ್ಕೆ ಸುಮಾರು ಒಂದು ಲೀಟರು, ಬೇಸಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ನೀರು ಕುಡಿಯುತ್ತದೆ. 2 ಲೀಟರು ದಾಟಿದರೆ ಕಾಯಿಲೆಯನ್ನು ಸಂಶಯಿಸಬೇಕು. ಒದ್ದೆ ಮಾಡುತ್ತದೆಂದು ನೀರಿನ ಬಟ್ಟಲನ್ನು ಎತ್ತಿಡುವ ರೂಢಿ ಕೆಲವು ಮನೆಗಳಲ್ಲಿದೆ. ಇದು ಅಪಾಯಕಾರಿ. ಮೂತ್ರಪಿಂಡದ ತೊಂದರೆಯಿರುವ ನಾಯಿ ನೀರಿಲ್ಲದೆ ಎರಡೇ ದಿನಗಳಲ್ಲಿ ನೆಲ ಹಿಡಿಯಬಹುದು.

ಗಾಡಿಗೆ ಸಿಕ್ಕಿ ಬೆನ್ನುಮೂಳೆಗೆ ಪೆಟ್ಟಾಗಿ ಹಿಂಗಾಲು ಎಳೆಯುವ ನಾಯಿಯ ವಿಷಯ ಬೇರೆ. ಅದರ ಮೂತ್ರ ತೊಟ್ಟಿಕ್ಕುತ್ತಿದ್ದರೆ ಹಿಡಿತ ತಪ್ಪಿದೆ ಎಂದು ಭಾವಿಸಿ ಡಯಾಪರ್ ಕಟ್ಟಿ ಸುಮ್ಮನಾಗುವುದುಂಟು. ಎಷ್ಟೋ ವೇಳೆ ಒಳಗೆ ಮೂತ್ರಕೋಶ ಬಿಗಿದು ತುಂಬಿ, ತುಂಬಿದ ಕೊಡದಂತೆ ಮೇಲಿನ ನಾಲ್ಕು ಹನಿ ಮಾತ್ರ ಹೊರಗೆ ತುಳುಕುತ್ತಿರುತ್ತದೆ. ಇಂಥ ನಾಯಿಯ ಹೊಟ್ಟೆಯನ್ನು ಹದವಾಗಿ ಒತ್ತಿ ದಿನಕ್ಕೆ ಮೂರು ನಾಲ್ಕು ಸಲ ಮೂತ್ರಕೋಶ ಬರಿದು ಮಾಡಬೇಕಾಗುತ್ತದೆ. ಒತ್ತುವ ಕ್ರಮವನ್ನು ಪಶುವೈದ್ಯರ ಎದುರಿನಲ್ಲಿಯೇ ಕಲಿಯಬೇಕು. ಗಂಡು ನಾಯಿ ಕಾಲೆತ್ತಿ ತಿಣುಕಿದರೂ ಮೂತ್ರ ಬಾರದಿದ್ದರೆ ಕಲ್ಲು ಅಡ್ಡವಾಗಿರಬಹುದು. ಅದು ಬೆಳಗಾಗುವವರೆಗೆ ಕಾಯುವ ಕಾಯಿಲೆಯಲ್ಲ.

ಮುಟ್ಟಬಾರದ ನಾಯಿ

ನಿನ್ನೆಯವರೆಗೆ ನೆಟ್ಟಗಿದ್ದ ನಾಯಿಗೆ ಪೆಟ್ಟಿಲ್ಲದೆ ಹಿಂಗಾಲು ಬಿದ್ದುಹೋಗಿ, ದವಡೆ ಜೋತು, ಜೊಲ್ಲು ಸುರಿದು, ಬೊಗಳುವ ದನಿ ಬದಲಾಗಿದ್ದರೆ ಅದಕ್ಕೆ ಡಯಾಪರ್ ಕಟ್ಟಲು ಹೋಗಲೇಬಾರದು. ಹುಚ್ಚುನಾಯಿ ರೋಗವೆಂದರೆ ನಾಯಿ ಕಚ್ಚುತ್ತ ಓಡಾಡಬೇಕೆಂದಿಲ್ಲ. ಮೂಲೆಯಲ್ಲಿ ಸುಮ್ಮನೆ ಬಿದ್ದು ಲಕ್ವ ಹೊಡೆದಂತಿರುವ ಬಗೆಯೂ ಇದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವವರು, ಕನಿಕರದಿಂದ ಮೈತೊಳೆಯುವವರು ಇದರಲ್ಲಿಯೇ ಮೋಸ ಹೋಗುತ್ತಾರೆ. ಅಂಥ ನಾಯಿಯನ್ನು ಮುಟ್ಟದೆ ಒಂದು ಕಡೆ ಕೂಡಿಹಾಕಿ ಪಶುವೈದ್ಯರನ್ನು ಕರೆಸಬೇಕು. ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಾಕಿದ್ದರೆ ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದ ನಾಯಿಯ ಆರೈಕೆಯನ್ನಷ್ಟೇ ನಿಶ್ಚಿಂತೆಯಿಂದ ಮಾಡಲು ಸಾಧ್ಯ.

ಬೆದೆಯ ಕಾಲದಲ್ಲಿ

ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಸುಮಾರು ಮೂರು ವಾರ ಇರುತ್ತದೆ. ಮೊದಲ ಏಳೆಂಟು ದಿನ ರಕ್ತ ತೊಟ್ಟಿಕ್ಕಿ ಅನಂತರ ಅದರ ಬಣ್ಣ ತಿಳಿಯಾಗುತ್ತದೆ. ಮನೆಯೊಳಗೆ ಓಡಾಡುವ ನಾಯಿಗೆ ಈ ದಿನಗಳಲ್ಲಿ ಡಯಾಪರ್ ತೊಡಿಸಿದರೆ ನೆಲ, ಹಾಸಿಗೆ ಕೆಡುವುದಿಲ್ಲ.

ಆದರೆ ಡಯಾಪರ್ ಕಟ್ಟಿದ್ದೇವೆ, ಇನ್ನು ಗಬ್ಬವಾಗುವ ಭಯವಿಲ್ಲವೆಂದು ನಾಯಿಯನ್ನು ಬೀದಿಗೆ ಬಿಡುವುದು ತಪ್ಪು. ಗಂಡು ನಾಯಿಗಳಿಗೆ ಅದನ್ನು ಕಿತ್ತೆಸೆಯಲು ನಿಮಿಷವೂ ಬೇಡ. ರಕ್ತ ನಿಂತಿತೆಂದು ಮನೆಯವರು ಡಯಾಪರ್ ಬಿಚ್ಚುವ ದಿನಗಳೇ ಗಬ್ಬ ಕಟ್ಟುವ ದಿನಗಳೂ ಆಗಿರುತ್ತವೆ. ಮೂರು ವಾರ ಪೂರ್ತಿ ಬಾಗಿಲು ಹಾಕಿದ ಕೋಣೆಯಲ್ಲಿ ಇಡುವುದು, ಹೊರಗೆ ಸರಪಳಿ ಹಿಡಿದೇ ಒಯ್ಯುವುದು ಇವೆರಡೇ ದಾರಿ. ಮರಿ ಬೇಡವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಸರ್ವೋತ್ತಮ. ಗಬ್ಬ ನಿಂತ ಸುಮಾರು 63 ದಿನಗಳಿಗೆ ಆರೇಳು ಮರಿ ಹಾಕಿದ ಮೇಲೆ ಅವನ್ನು ಯಾರಿಗೆ ಕೊಡುವುದೆಂದು ಊರೂರು ತಿರುಗುವುದಕ್ಕಿಂತ ಅದು ಲೇಸು.

ಬೆದೆ ಕಳೆದ ಮೇಲೂ ತಿಂಗಳುಗಟ್ಟಲೆ ಹನಿಹನಿ ರಕ್ತ ಬೀಳುತ್ತಿದ್ದರೆ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಬೆಳೆದಿರಬಹುದು. ಬೀದಿ ನಾಯಿಗಳ ಸಂಪರ್ಕದಿಂದ ಅಂಟುವ ಈ ಗಡ್ಡೆ ವಾರಕ್ಕೊಂದರಂತೆ ಕೆಲವು ಚುಚ್ಚುಮದ್ದುಗಳಿಂದ ಸಾಮಾನ್ಯವಾಗಿ ಪೂರ್ಣ ಗುಣವಾಗುತ್ತದೆ. ಔಷಧದ ಅಂಶ ಮಲಮೂತ್ರಗಳಲ್ಲಿ ಹೊರಬರುವುದರಿಂದ ಆ ದಿನಗಳಲ್ಲಿ ಡಯಾಪರನ್ನು ಬರಿಗೈಯಿಂದ ಮುಟ್ಟಬಾರದು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಮೇವು ಬಿಟ್ಟು, ನೀರು ಹೆಚ್ಚು ಕುಡಿದು, ಡಯಾಪರಿನಲ್ಲಿ ದುರ್ವಾಸನೆಯ ಕೀವು ಕಂಡರೆ ಗರ್ಭಕೋಶ ಕೀವುಗಟ್ಟಿದೆ ಎಂದು ತಿಳಿಯಬೇಕು. ಕೆಲವು ನಾಯಿಗಳಲ್ಲಿ ಕೀವು ಹೊರಗೆ ಬರುವುದೇ ಇಲ್ಲ, ಹೊಟ್ಟೆ ಮಾತ್ರ ಊದುತ್ತದೆ. ಎರಡೂ ಪ್ರಾಣಕ್ಕೆ ಕುತ್ತು. ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕು.

ಅಳತೆ ಮತ್ತು ಆಯ್ಕೆ

ಹೆಣ್ಣು ನಾಯಿಗೆ ಬಾಲದ ತೂತಿರುವ ಚಡ್ಡಿಯಂಥ ಡಯಾಪರ್ ಬೇಕು. ಗಂಡು ನಾಯಿಯ ಮೂತ್ರದ್ವಾರ ಹೊಟ್ಟೆಯ ಕೆಳಗೆ ಮುಂದಕ್ಕೆ ಇರುವುದರಿಂದ ಚಡ್ಡಿ ಪ್ರಯೋಜನಕ್ಕೆ ಬಾರದು. ಸೊಂಟವನ್ನು ಸುತ್ತುವ ಅಗಲವಾದ ಹೊಟ್ಟೆಪಟ್ಟಿ ಸಾಕು. ಮಲದ ಹಿಡಿತವೂ ತಪ್ಪಿದ್ದರೆ ಮಾತ್ರ ಗಂಡಿಗೂ ಚಡ್ಡಿ ತೊಡಿಸಬೇಕು.

ಸಿದ್ಧ ಡಯಾಪರಿನ ಕಟ್ಟಿನ ಮೇಲೆ ನಾಯಿಯ ತೂಕವನ್ನು ಅಚ್ಚು ಹಾಕಿರುತ್ತಾರೆ. ತೂಕವೊಂದನ್ನೇ ನಂಬಿ ಕೊಂಡರೆ ಮುಧೋಳ ನಾಯಿ ಸಾಕಿದವರು ಮೋಸ ಹೋಗುತ್ತಾರೆ. ಈ ತಳಿಯ ಎದೆ ಆಳ, ಸೊಂಟ ಬಹಳ ಸಣ್ಣ. 25 ಕಿಲೋ ತೂಗುವ ಮುಧೋಳಕ್ಕೆ ಆ ತೂಕದ ಚೀಟಿಯಿರುವ ಡಯಾಪರ್ ಹಾಕಿದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಜಾರಿ ಮೊಣಕಾಲಿಗೆ ಬರುತ್ತದೆ. ಬಿಗಿಯಾಗಿ ಕಟ್ಟೋಣವೆಂದರೆ ಗಿಡ್ಡ ಕೂದಲಿನ ತೆಳು ಚರ್ಮ ಉಜ್ಜಿ ಹುಣ್ಣಾಗುತ್ತದೆ. ಆದುದರಿಂದ ದಾರದಿಂದ ಹಿಂಗಾಲಿನ ಮುಂದಿನ ಸೊಂಟದ ಸುತ್ತಳತೆ ತೆಗೆದು, ಅದಕ್ಕೆ ಸರಿಯಾದುದನ್ನೇ ಆರಿಸಬೇಕು. ಇಂಥ ನಾಯಿಗಳಿಗೆ ಡಯಾಪರಿನ ಎರಡು ಪಕ್ಕಗಳಿಂದ ಅಗಲವಾದ ಲಾಡಿ ಹೊಲಿದು ಬೆನ್ನಿನ ಮೇಲಿನಿಂದ ತಂದು ಎದೆಯ ಪಟ್ಟಿಗೆ ಸೇರಿಸಿದರೆ ಜಾರುವುದಿಲ್ಲ. ಯಾವ ತಳಿಯೇ ಆಗಲಿ, ಕಟ್ಟಿದ ಮೇಲೆ ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಎಷ್ಟು ಹೀರುವ ಬಟ್ಟೆ ಬೇಕು ಎಂಬುದಕ್ಕೂ ಲೆಕ್ಕವಿದೆ. ಆರೋಗ್ಯವಂತ ನಾಯಿ ದಿನಕ್ಕೆ ತೂಕದ ಪ್ರತಿ ಕಿಲೋಗೆ 20ರಿಂದ 40 ಮಿಲಿ ಲೀಟರು ಮೂತ್ರ ಮಾಡುತ್ತದೆ. 20 ಕಿಲೋ ನಾಯಿಗೆ ಇದು 400ರಿಂದ 800 ಮಿಲಿ ಲೀಟರು ಆಯಿತು. ದಿನಕ್ಕೆ ಆರು ಸಲ ಬದಲಿಸುವವರಿಗೆ ಒಂದು ಲೋಟ ನೀರು ಹೀರುವ ಡಯಾಪರ್ ಧಾರಾಳವಾಗಿ ಸಾಕು. ಹೆಚ್ಚು ಹೀರುವುದನ್ನು ಕೊಂಡು ಬೆಳಗಿನಿಂದ ಸಂಜೆಯವರೆಗೆ ಬಿಡುವ ಲೆಕ್ಕಾಚಾರ ಹಣ ಉಳಿಸಿದರೂ ಚರ್ಮ ಕೆಡಿಸುತ್ತದೆ.

ಮಕ್ಕಳ ಡಯಾಪರನ್ನೂ ಬಳಸಬಹುದು. ಅಂಟುಪಟ್ಟಿ ಬೆನ್ನಿನ ಮೇಲೆ ಬರುವಂತೆ ಹಿಂದುಮುಂದಾಗಿ ತೊಡಿಸಿ, ಬಾಲಕ್ಕೆ ಸಣ್ಣ ಸೀಳು ಕೊಡಬೇಕು. ಸೀಳಿದ ಅಂಚಿಗೆ ಬಟ್ಟೆಯ ಟೇಪು ಅಂಟಿಸದಿದ್ದರೆ ಒಳಗಿನ ಹರಳು ಉದುರುತ್ತದೆ. ಈ ಹರಳು ನೀರು ಕುಡಿದು ಹಲವು ಪಟ್ಟು ಉಬ್ಬುವ ವಸ್ತು. ಡಯಾಪರನ್ನು ಹರಿದು ತಿನ್ನುವ ಚಟವಿರುವ ನಾಯಿಯ ಕರುಳಿನಲ್ಲಿ ಅದು ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯಬೇಕಾಗಬಹುದು. ಅಂಥ ನಾಯಿಗೆ ಬಟ್ಟೆಯದೇ ಮೇಲು, ಮತ್ತು ಅದೂ ಕಣ್ಣೆದುರಿಗೆ ಇರುವಾಗ ಮಾತ್ರ.

ಮನೆಯಲ್ಲಿ ಹೊಲಿಯುವುದು

ಮಗುವಿನ ಹಳೆಯ ಹತ್ತಿ ಚಡ್ಡಿ ಹೊರಚಡ್ಡಿಯಾಗಿ ಬಹಳ ಚೆನ್ನಾಗಿ ಹೊಂದುತ್ತದೆ. ಬಾಲದ ಬುಡಕ್ಕಿಂತ ಒಂದು ಬೆರಳು ಅಗಲವಾಗಿ ತೂತು ಮಾಡಿ ಅಂಚು ಮಡಿಸಿ ಹೊಲಿಯಬೇಕು. ಒಳಗಿಡಲು ಹಳೆಯ ಪಂಚೆ ಅಥವಾ ನೂಲಿನ ಸೀರೆಯನ್ನು ಆರೆಂಟು ಪದರ ಮಡಿಸಿದ ಪಟ್ಟಿ ಮಾಡಿಕೊಳ್ಳಬೇಕು. ಪಾಲಿಯೆಸ್ಟರ್ ಬಟ್ಟೆ ನೀರು ಹೀರುವುದಿಲ್ಲ. ಪಿನ್ನು ಚುಚ್ಚಬಾರದು, ಲಾಡಿ ಅಥವಾ ಅಂಟುಪಟ್ಟಿಯೇ ಸರಿ. ಸೋರದಿರಲೆಂದು ಹೊರಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ಸುತ್ತುವುದು ಸಲ್ಲದು. ರಾಯಚೂರು, ಕಲಬುರಗಿ, ಬಾಗಲಕೋಟೆ ಕಡೆಯ ಬೇಸಗೆಯಲ್ಲಿ ನಾಯಿ ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಮೈ ತಂಪು ಮಾಡಿಕೊಳ್ಳುತ್ತದೆ. ಅಲ್ಲಿಗೇ ಪ್ಲಾಸ್ಟಿಕ್ಕು ಸುತ್ತಿದರೆ ಬೆವರುಗುಳ್ಳೆಯಂಥ ಗಾಯಗಳೆದ್ದು ನಾಯಿ ಬಳಲುತ್ತದೆ.

ದಿನಕ್ಕೆ ಆರು ಪಟ್ಟಿಯಂತೆ, ಒಣಗಲು ಒಂದು ದಿನ ಹಿಡಿದರೂ ಹನ್ನೆರಡು ಪಟ್ಟಿ, ಮೂರು ಹೊರಚಡ್ಡಿ ಇರಬೇಕು. ಮಲೆನಾಡಿನ ಮಳೆಗಾಲಕ್ಕೆ ಇದು ಸಾಲದು. ಅರೆ ಒಣಗಿದ ಪಟ್ಟಿಯನ್ನು ಕಟ್ಟುವುದಕ್ಕಿಂತ ಆ ಹೊತ್ತು ಏನನ್ನೂ ಕಟ್ಟದೆ ಹುಲ್ಲಿನ ಮೇಲೆ ಮಲಗಿಸುವುದು ವಾಸಿ.

ತೊಡಿಸುವ ಮತ್ತು ಬದಲಿಸುವ ಕ್ರಮ

ಮೊದಲ ದಿನವೇ ಹಿಡಿದು ಕಟ್ಟಿದರೆ ನಾಯಿ ಬೆದರಿ ಕೊಸರಾಡುತ್ತದೆ. ಒಂದೆರಡು ದಿನ ಬಟ್ಟೆಯನ್ನು ಮೂಸಲು ಬಿಟ್ಟು, ಬೆನ್ನಿನ ಮೇಲೆ ಹಾಕಿ ತೆಗೆದು, ರೊಟ್ಟಿಯ ಚೂರು ಕೊಟ್ಟು ರೂಢಿ ಮಾಡಿಸಬೇಕು. ನಡೆಯಬಲ್ಲ ನಾಯಿಯನ್ನು ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುನ್ನ ಡಯಾಪರ್ ಬಿಚ್ಚಿ ಹೊರಗೆ ಒಯ್ಯುವುದನ್ನು ಬಿಡಬಾರದು. ಡಯಾಪರ್ ಬಂತೆಂದು ಈ ಅಭ್ಯಾಸ ತಪ್ಪಿಸಿದರೆ ಉಳಿದಿದ್ದ ಅಲ್ಪಸ್ವಲ್ಪ ಹಿಡಿತವೂ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಹಾಕಿದರೆ ಮಲವಿಸರ್ಜನೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಆಗುವುದರಿಂದ ಆ ವೇಳೆಗೆ ಬಿಚ್ಚಿಡಬಹುದು.

ಮೂರು ನಾಲ್ಕು ಗಂಟೆಗೊಮ್ಮೆ ಬಿಚ್ಚಿ ನೋಡಬೇಕು. ಒದ್ದೆಯಾಗಿದ್ದರೆ ಬದಲಿಸಬೇಕು, ಮಲವಾಗಿದ್ದರೆ ಆ ಕ್ಷಣವೇ. ಇದರಲ್ಲಿ ಸೋಮಾರಿತನ ಮಾಡಿದವರ ನಾಯಿಗೆ ಹುಳು ಬೀಳುತ್ತದೆ. ದನದ ಕೊಟ್ಟಿಗೆಯ ಹತ್ತಿರ ನೊಣಕ್ಕೆ ಬರವಿಲ್ಲ. ಒದ್ದೆ ಬಟ್ಟೆಯ ಅಂಚಿಗೆ, ಕೆಂಪಾದ ಚರ್ಮಕ್ಕೆ ಅದು ಇಟ್ಟ ಮೊಟ್ಟೆ ಒಂದು ಹಗಲು ಒಂದು ರಾತ್ರಿಯೊಳಗೆ ಹುಳುವಾಗಿ ಮಾಂಸ ಕೊರೆಯತೊಡಗುತ್ತದೆ. ಹಿಂಭಾಗದ ಸ್ಪರ್ಶಜ್ಞಾನ ಹೋದ ನಾಯಿಗೆ ನೋವು ತಿಳಿಯದು, ಅದು ಕೂಗದು. ಮೇಲೆ ಡಯಾಪರ್ ಮುಚ್ಚಿರುವುದರಿಂದ ಮನೆಯವರಿಗೂ ಕಾಣದು. ವಾಸನೆ ಬಂದು ಬಿಚ್ಚಿ ನೋಡುವ ವೇಳೆಗೆ ಅಂಗೈಯಗಲ ಗಾಯವಾಗಿರುತ್ತದೆ. ಬಾಲದ ಬುಡ, ತೊಡೆಯ ಸಂದು, ಜನನಾಂಗದ ಮಡಿಕೆಗಳನ್ನು ದಿನಕ್ಕೆರಡು ಸಲ ಬೆಳಕಿನಲ್ಲಿ ನೋಡಲೇಬೇಕು. ಅಲ್ಲಿ ಉದ್ದ ಕೂದಲಿದ್ದರೆ ಕತ್ತರಿಸಿಡಬೇಕು.

ಬದಲಿಸುವಾಗ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಪೂರ್ತಿ ಆರಿದ ಮೇಲೆ ವ್ಯಾಸಲೀನನ್ನು ತೆಳ್ಳಗೆ ಸವರಬಹುದು. ಮಕ್ಕಳ ಕೆಂಪುಗುಳ್ಳೆಗೆ ಹಚ್ಚುವ ಬಿಳಿ ಮುಲಾಮಿನಲ್ಲಿ ಸಾಮಾನ್ಯವಾಗಿ ಸತುವಿನ ಅಂಶವಿರುತ್ತದೆ. ನಾಯಿ ಅದನ್ನು ನೆಕ್ಕಿದರೆ ವಿಷವಾಗುತ್ತದೆ. ಫಿನಾಯಿಲು ಬೆರೆಸಿದ ನೀರನ್ನು ನಾಯಿಯ ಮೈಗಾಗಲಿ ಹಾಸಿಗೆಗಾಗಲಿ ತಾಕಿಸಬಾರದು. ದಿನದಲ್ಲಿ ಎರಡು ಮೂರು ಗಂಟೆಯಾದರೂ ಡಯಾಪರ್ ಇಲ್ಲದೆ ಗಾಳಿಯಾಡಲು ಬಿಡಬೇಕು. ಎದ್ದೇಳಲಾರದ ನಾಯಿಯನ್ನು ದಪ್ಪ ಹುಲ್ಲು ಹಾಸಿನ ಮೇಲೆ ಮಲಗಿಸಿ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೂಳೆ ಒತ್ತಿ ಹುಣ್ಣಾಗುತ್ತದೆ.

ತೊಳೆಯುವುದು, ಎಸೆಯುವುದು

ಇಲಿ ಜ್ವರದ ರೋಗಾಣು ನಾಯಿಯ ಮೂತ್ರದಲ್ಲಿಯೂ ಇರಬಹುದು. ಒದ್ದೆ ಬಟ್ಟೆಯನ್ನು ರಬ್ಬರು ಗವಸು ತೊಟ್ಟೇ ಮುಟ್ಟಬೇಕು. ಕೈಯಲ್ಲಿ ಗಾಯವಿರುವವರು, ಬಸುರಿಯರು, ಮಕ್ಕಳು ಈ ಕೆಲಸ ಮಾಡಬಾರದು. ನಾಯಿಗೂ ಈ ರೋಗದ ವಿರುದ್ಧ ವಾರ್ಷಿಕ ಲಸಿಕೆಯಿದೆ. ಪಟ್ಟಿಗಳನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಬಿಸಿನೀರು ಸೋಪಿನಲ್ಲಿ ಬೇರೆಯಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಸೋಪಿನ ಅಂಶ ಉಳಿದರೆ ಚರ್ಮ ಕೆರೆಯುತ್ತದೆ. ಮೂತ್ರದ ಬಟ್ಟೆಯ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿ ಸುರಿಯಬಾರದು. ಎರಡೂ ಸೇರಿ ಕಣ್ಣು, ಎದೆ ಉರಿಸುವ ಅನಿಲ ಏಳುತ್ತದೆ.

ಮಲವನ್ನು ಮೇವಿನ ಹೊಲದಿಂದಲೂ ಬಾವಿಯಿಂದಲೂ ದೂರ ಗುಂಡಿ ತೋಡಿ ಹೂಳಬೇಕು. ಕುರಿಗಳು ತಲೆ ವಾಲಿಸಿ ಗಿರಗಿರನೆ ಸುತ್ತುವ ರೋಗಕ್ಕೆ ನಾಯಿಯ ಲಾಡಿಹುಳುವಿನ ಮೊಟ್ಟೆಯೇ ಮೂಲ. ಸತ್ತ ಕುರಿಯ ತಲೆ, ಹಸಿ ಶ್ವಾಸಕೋಶ, ಪಿತ್ತಜನಕಾಂಗಗಳನ್ನು ನಾಯಿಗೆ ಹಾಕದೆ, ವೈದ್ಯರು ಹೇಳಿದಂತೆ ಮೂರು ತಿಂಗಳಿಗೊಮ್ಮೆ ಜಂತು ಔಷಧ ಕೊಡಿಸಬೇಕು. ಪ್ಲಾಸ್ಟಿಕ್ಕಿನ ಸಿದ್ಧ ಡಯಾಪರನ್ನು ತಿಪ್ಪೆಗೆ ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದು ಗೊಬ್ಬರವಾಗುವುದಿಲ್ಲ. ತಿಪ್ಪೆ ಕೆದಕುವ ದನ ಅದನ್ನು ನುಂಗಿದರೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಕಾಗದದಲ್ಲಿ ಸುತ್ತಿ, ದನ ನಾಯಿಗಳಿಗೆ ಎಟುಕದಂತೆ ಮುಚ್ಚಳದ ಡಬ್ಬಿಯಲ್ಲಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ಗಾಡಿ ಬಾರದ ಊರಿನವರು ಒಗೆಯುವ ಬಟ್ಟೆಯನ್ನೇ ಬಳಸುವುದು ಯುಕ್ತ.

ಎಷ್ಟು ದಿನ?

ಸೋಂಕು ಗುಣವಾದ ನಾಯಿಗೆ ಡಯಾಪರ್ ಕೆಲವು ದಿನಗಳ ಮಾತು. ಮುಪ್ಪಿನ ನಾಯಿಗೆ ಅದು ಕೊನೆಯವರೆಗೂ ಬೇಕಾಗಬಹುದು. ಉಣ್ಣುತ್ತ, ಮನೆಯವರನ್ನು ಕಂಡು ಬಾಲ ಆಡಿಸುತ್ತ, ಅಂಗಳದ ಬಿಸಿಲಿಗೆ ತೆವಳಿ ಹೋಗುತ್ತ ಇರುವ ನಾಯಿಯನ್ನು ಕೇವಲ ಒದ್ದೆಯ ಕಾರಣಕ್ಕೆ ಕೈಬಿಡಬೇಕಾಗಿಲ್ಲ. ಹಾಗೆಯೇ ಊಟ ಬಿಟ್ಟು, ರಾತ್ರಿಯಿಡೀ ನರಳಿ, ಮಾಯದ ಹುಣ್ಣುಗಳಿಂದ ಜೀವ ಹಿಡಿದ ನಾಯಿಯನ್ನು ಡಯಾಪರ್ ಕಟ್ಟಿ ಎಳೆದಾಡುವುದೂ ಕರುಣೆಯಲ್ಲ. ಅಂಥ ಸ್ಥಿತಿಯಲ್ಲಿ ನೋವಿಲ್ಲದ ಮರಣದ ವಿಷಯವನ್ನು ಪಶುವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ವಿಷ ಹಾಕುವುದು, ಹೊಡೆದು ಕೊಲ್ಲುವುದು ಕಾನೂನಿಗೂ ಸಲ್ಲ, ಮನುಷ್ಯತ್ವಕ್ಕೂ ಸಲ್ಲ.

ಯಾವ ತೀರ್ಮಾನಕ್ಕೂ ಮೊದಲು ಒಂದು ವಾರ ಲೆಕ್ಕ ಬರೆದಿಡುವುದು ಒಳ್ಳೆಯದು. ಒಣ ಪಟ್ಟಿಯನ್ನೂ ಒದ್ದೆ ಪಟ್ಟಿಯನ್ನೂ ತಕ್ಕಡಿಯಲ್ಲಿ ತೂಗಿದರೆ ಹೆಚ್ಚಿದ ಪ್ರತಿ ಗ್ರಾಮಿಗೆ ಒಂದು ಮಿಲಿ ಲೀಟರು ಮೂತ್ರವೆಂದು ಲೆಕ್ಕ. ಕುಡಿದ ನೀರು, ಬದಲಿಸಿದ ಪಟ್ಟಿ, ಮೂತ್ರದ ಬಣ್ಣ, ಕೊಟ್ಟ ಔಷಧ, ತಿಂದ ಊಟ ಇಷ್ಟನ್ನು ಶಾಲೆಗೆ ಹೋಗುವ ಮಗುವಿನ ಕೈಯಿಂದ ಬರೆಸಿ ಪಶು ಆಸ್ಪತ್ರೆಗೆ ಒಯ್ದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ನಾಯಿಯನ್ನು ಒಯ್ಯಲು ಆಗದವರು ಪಶು ಸಹಾಯವಾಣಿ 1962ಕ್ಕೆ ದೂರವಾಣಿ ಮಾಡಿ ವಿಚಾರಿಸಬಹುದು.